ಹಳೆ ಪದ್ಮಿನಿಯ ಒಳಗಿನ ಕಟಕಟ: ಹುಡುಕುವುದು ಹೇಗೆ, ನಿಲ್ಲಿಸುವುದು ಹೇಗೆ

ನಮ್ಮ ಮನೆಯ ಪದ್ಮಿನಿ ಕಾರು 1984ರದು. ಕಳೆದ ದೀಪಾವಳಿಗೆ ಮುಂಚೆ ಒಂದು ಭಾನುವಾರ ಕೂತು ಅದನ್ನು ಒಳಗೂ ಹೊರಗೂ ತೊಳೆದೆ. ಸಂದಿಗೊಂದಿಯ ಧೂಳನ್ನೆಲ್ಲ ಬ್ರಶ್ ಹಾಕಿ ತೆಗೆದೆ. ಮರುದಿನ ಮೈಸೂರಿನಿಂದ ನಂಜನಗೂಡಿಗೆ ಹೊರಟಾಗ ಎಡಗಡೆಯಿಂದ ಒಂದು ಸದ್ದು. ಸ್ಪೀಡು 40 ದಾಟಿದ ಕೂಡಲೇ ಕಟಕಟ ಅಂತ ಶುರುವಾಗುತ್ತಿತ್ತು, 50 ಮುಟ್ಟುವ ಹೊತ್ತಿಗೆ ನಿಲ್ಲುತ್ತಿತ್ತು. ಡ್ಯಾಶ್‌ಬೋರ್ಡ್ ಒಳಗೇ ಏನೋ ಸಡಿಲ ಆಗಿದೆ ಅಂದುಕೊಂಡೆ. ಎರಡು ಭಾನುವಾರ ಅದರಲ್ಲೇ ಹೋಯಿತು. ಗ್ಲೋವ್ ಬಾಕ್ಸ್ ಬಿಚ್ಚಿದೆ, ರೇಡಿಯೋ ಹೊರಗೆ ತೆಗೆದೆ, ಮೀಟರಿನ ಹಿಂದೆ ಕೈ ಹಾಕಿ ಸಿಕ್ಕ ನಟ್ಟನ್ನೆಲ್ಲ ಬಿಗಿ ಮಾಡಿದೆ. ಸದ್ದು ಹಾಗೇ ಇತ್ತು.

ಮೂರನೇ ವಾರ ಅಪ್ಪ ಪಕ್ಕದಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು: "ಕ್ವಾರ್ಟರ್ ಗ್ಲಾಸ್ ಸಂದೀಲಿ ಒಂದು ರಟ್ಟಿನ ಚೂರು ಇತ್ತಲ್ಲ, ಅದನ್ನೇನಾದ್ರೂ ತೆಗೆದ್ಯಾ?"

ತೆಗೆದಿದ್ದೆ. ಮುಂದಿನ ಬಾಗಿಲ ಆ ತ್ರಿಕೋನದ ಗಾಜಿನ ಸಂದಿಯಲ್ಲಿದ್ದ ಬೆಂಕಿಪೊಟ್ಟಣದ ರಟ್ಟು. ನಾಲ್ಕು ಮಡಿಕೆ, ಅಂಚೆಲ್ಲ ಎಣ್ಣೆ ಹಿಡಿದು ಕಪ್ಪಾಗಿತ್ತು. ಕಸ ಅಂತ ಎಸೆದಿದ್ದೆ. ಎಷ್ಟೋ ವರ್ಷದ ಹಿಂದೆ ಅವರೇ ಅದನ್ನು ಅಲ್ಲಿ ಸಿಕ್ಕಿಸಿದ್ದರಂತೆ. ದಾರಿಯಲ್ಲೇ ಗಾಡಿ ನಿಲ್ಲಿಸಿ, ಅಂಗಡಿಯಿಂದ ಒಂದು ಬೆಂಕಿಪೊಟ್ಟಣ ತಂದು, ರಟ್ಟು ಮಡಚಿ ಅದೇ ಜಾಗಕ್ಕೆ ತುರುಕಿದೆವು. ಸದ್ದು ನಿಂತಿತು.

ಅವತ್ತಿನಿಂದ ನಾನು ಪಾಲಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸದ್ದು ನಿಲ್ಲಿಸಲು ಒಂದು ತುಂಡು ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ), ಒಂದು ವಾಶರ್ ಸಾಕಾಗುತ್ತದೆ. ಮುಕ್ಕಾಲು ಕೆಲಸ ಇರುವುದು ಹುಡುಕುವುದರಲ್ಲಿ. ಹುಡುಕದೆ ಬಿಚ್ಚಿದರೆ ಹಳೆ ಕ್ಲಿಪ್ಪುಗಳು ಮುರಿಯುತ್ತವೆ, ಒಂದು ಸದ್ದಿನ ಜಾಗದಲ್ಲಿ ಮೂರು ಹುಟ್ಟುತ್ತವೆ.

ನಾನು ಹೇಳುವುದೆಲ್ಲ ಪದ್ಮಿನಿಯನ್ನು ಮುಂದೆ ಇಟ್ಟುಕೊಂಡು. ಮುಂಬೈನ ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ 1964ರಲ್ಲಿ ಫಿಯೆಟ್ 1100 ಡಿ ಆಗಿ ಶುರುವಾದ ಗಾಡಿ ಇದು. ಪದ್ಮಿನಿ ಅನ್ನುವ ಹೆಸರು ಬಂದದ್ದು 1974ರಲ್ಲಿ. ನಮ್ಮ ಕಡೆ ಇವತ್ತಿಗೂ ಅದು ಫಿಯೆಟ್ಟೇ. 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಲಿವರ್, ಮುಂದಿನ ಬಾಗಿಲುಗಳಲ್ಲಿ ತಿರುಗಿಸಿ ಗಾಳಿ ಬಿಟ್ಟುಕೊಳ್ಳುವ ತ್ರಿಕೋನದ ಕ್ವಾರ್ಟರ್ ಗ್ಲಾಸ್. ಒಳಗಡೆ ಎಲ್ಲವೂ ಸ್ಕ್ರೂ, ಕ್ಲಿಪ್, ರಬ್ಬರ್ ಮೇಲೆ ನಿಂತಿದೆ. 40 ವರ್ಷಕ್ಕೆ ರಬ್ಬರ್ ಕಲ್ಲಾಗುತ್ತದೆ, ಕ್ಲಿಪ್ ಹಿಡಿತ ಬಿಡುತ್ತದೆ. ಅದು ವಯಸ್ಸಿನ ಸಹಜ ಗುಣ. ಅಂಬಾಸಿಡರ್, ಹೆರಾಲ್ಡ್ ಇಟ್ಟುಕೊಂಡವರಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ.

ಬಿಚ್ಚುವ ಮೊದಲು

ಸದ್ದು ಶುರುವಾಗುವ ಹಿಂದಿನ ಒಂದೆರಡು ವಾರ ಗಾಡಿಗೆ ಏನೇನು ಮಾಡಿದಿರಿ ಅಂತ ನೆನಪು ಮಾಡಿಕೊಳ್ಳಿ. ತೊಳೆದಿರಾ? ಸ್ಪೀಕರ್ ಹಾಕಿಸಿದಿರಾ? ಟಿಂಕರಿಂಗ್ ಆಯಿತಾ? ಸೀಟ್ ಕವರ್ ಬದಲಾಯಿತಾ? ಯಾರ ಕೈ ಎಲ್ಲಿ ಆಡಿದೆಯೋ ಅಲ್ಲಿಂದ ಹುಡುಕಿ. ಮನೆಯಲ್ಲಿ ಆ ಗಾಡಿಯನ್ನು ನಿಮಗಿಂತ ಜಾಸ್ತಿ ವರ್ಷ ಓಡಿಸಿದವರು ಇದ್ದರೆ ಅವರನ್ನು ಒಂದು ಸುತ್ತು ಕೂರಿಸಿಕೊಂಡು ಹೋಗಿ.

ಆಮೇಲೆ ಗಾಡಿ ಖಾಲಿ ಮಾಡಿ. ಗ್ಲೋವ್ ಬಾಕ್ಸ್, ಸೀಟಿನ ಕೆಳಗೆ, ಹಿಂದಿನ ಗಾಜಿನ ಕೆಳಗಿನ ಹಲಗೆ, ಡಿಕ್ಕಿ. ಜಾಕಿ, ವೀಲ್ ಸ್ಪ್ಯಾನರ್, ಸ್ಟೆಪ್ನಿ ಎಲ್ಲ ಇಳಿಸಿ ಮನೆ ಹತ್ತಿರವೇ ಒಂದು ಸುತ್ತು ಹಾಕಿ. ಕೀಗೊಂಚಲಿನಿಂದ ಕಾರಿನ ಕೀ ಒಂದನ್ನೇ ಬಿಡಿಸಿಕೊಳ್ಳಿ. ಬೀರು ಕೀ, ಗೇಟಿನ ಕೀ ಎಲ್ಲ ಸೇರಿ ತಗಡಿಗೆ ಬಡಿಯುವ ಸದ್ದು ಥೇಟ್ ಡ್ಯಾಶ್‌ಬೋರ್ಡ್ ಒಳಗಿನ ಸದ್ದಿನ ಹಾಗೇ ಕೇಳುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯ ತಳದ ಅಂಟು ಬಿಟ್ಟಿದೆಯಾ ನೋಡಿ. ಆಯುಧಪೂಜೆಗೆ ಕಟ್ಟಿದ ಹಾರ ಒಣಗಿ ಉದುರಿದ ಮೇಲೂ ಅದರ ತಂತಿ ಗ್ರಿಲ್ಲಿನಲ್ಲಿ ಉಳಿದಿರುತ್ತದೆ, ಅದನ್ನೂ ತೆಗೆಯಿರಿ. ಟೈರಿನ ಗಾಳಿ ಸರಿ ಮಾಡಿಸಿ. ಗಾಳಿ ಜಾಸ್ತಿ ಇದ್ದರೆ ಇಡೀ ಗಾಡಿ ಕುಣಿಯುತ್ತದೆ, ಇಲ್ಲದ ಸದ್ದೂ ಕೇಳುತ್ತದೆ.

ಸದ್ದಿಗೆ ಹೆಸರಿಡಿ

"ಏನೋ ಸೌಂಡ್ ಬರ್ತಿದೆ" ಅಂದರೆ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯುವುದಿಲ್ಲ. ಕನ್ನಡದಲ್ಲಿ ಸದ್ದಿಗೆ ಬೇಕಾದಷ್ಟು ಪದಗಳಿವೆ. ನಿಮ್ಮ ಸದ್ದು ಯಾವುದು ಅಂತ ಬಾಯಲ್ಲಿ ಒಮ್ಮೆ ಹೇಳಿ ನೋಡಿ. ಅರ್ಧ ದಾರಿ ಅಲ್ಲೇ ಸಾಗುತ್ತದೆ.

ಕಟಕಟ ಅಂದರೆ ಎರಡು ಗಟ್ಟಿ ವಸ್ತುಗಳ ನಡುವೆ ಕೂದಲೆಳೆಯಷ್ಟು ಸಂದು. ಬಾಗಿಲ ಲಾಕ್, ಗ್ಲಾಸ್ ಹ್ಯಾಂಡಲ್, ಕ್ವಾರ್ಟರ್ ಗ್ಲಾಸ್ ಇಂಥ ಕಡೆ ನೋಡಿ. ಜಿರ್ರ್ ಅಂದರೆ ತೆಳು ತಗಡು ಇಂಜಿನ್ ಜೊತೆ ನಡುಗುತ್ತಿದೆ: ಆಶ್‌ಟ್ರೇ, ಸ್ಪೀಕರ್ ಜಾಲರಿ, ರೇಡಿಯೋ ಪಟ್ಟಿ, ಒಳಗಿನ ಕನ್ನಡಿ. ಗಲಗಲ ಅಂತ, ಅದೂ ತಿರುವಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿದ ಹಾಗೆ ಕೇಳಿದರೆ ಮುಚ್ಚಿದ ಜಾಗದೊಳಗೆ ಏನೋ ಬಿದ್ದಿದೆ. ಬಾಗಿಲ ತಳದಲ್ಲಿ ಸ್ಕ್ರೂ ಬಿದ್ದಾಗ ಬರುವುದು ಇದೇ. ಕಿರ್‌ಕಿರ್ ಬಂದರೆ ಎರಡು ಮೇಲ್ಮೈ ಒಂದನ್ನೊಂದು ಉಜ್ಜುತ್ತಿವೆ. ಒಣಗಿದ ಬೀಡಿಂಗ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ), ಸೀಟಿನ ಸ್ಪ್ರಿಂಗ್, ಕೀಲು. ಲೊಡಲೊಡ ಅಂದರೆ ಬುಶ್ (ಕೀಲಿನ ನಡುವಿನ ಬಳೆ) ಸವೆದ ದೊಡ್ಡ ಭಾಗ, ಹೆಚ್ಚಾಗಿ ಗೇರ್ ಲಿವರ್.

ದಡದಡ ಅಂತ ಕಾಲ ಕೆಳಗಿನಿಂದ ಬಂದರೆ ಅದು ಒಳಗಿನ ಸದ್ದೇ ಅಲ್ಲ. ಸೈಲೆನ್ಸರ್ ಪೈಪಿನ ರಬ್ಬರ್, ಹಿಂದಿನ ಲೀಫ್ ಸ್ಪ್ರಿಂಗಿನ ಬುಶ್, ಶಾಕ್ ಅಬ್ಸಾರ್ಬರ್ ಇರಬಹುದು. ಸ್ಟೀರಿಂಗ್ ತಿರುಗಿಸಿದಾಗ ಅಥವಾ ಬ್ರೇಕ್ ಒತ್ತಿದಾಗ ಮಾತ್ರ ಸದ್ದು ಬರುತ್ತಿದ್ದರೆ ಈ ಲೇಖನ ಪಕ್ಕಕ್ಕಿಡಿ. ಗಾಡಿ ಓಡಿಸುವುದು ನಿಲ್ಲಿಸಿ ಗ್ಯಾರೇಜಿನಲ್ಲಿ ಕೆಳಗಿನಿಂದ ತೋರಿಸಿ.

ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ

ಮೊದಲು ಬಯಲಿನಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿ. ಒಂದು ಹಂತದಲ್ಲಿ ಸದ್ದು ಬಂದು ಮತ್ತೆ ಮಾಯವಾದರೆ ಅದು ಇಂಜಿನ್ ನಡುಕದ್ದು. ನಿಂತಲ್ಲೇ ಹುಡುಕಬಹುದು, ನಿಮ್ಮ ಅದೃಷ್ಟ.

ನಿಂತಾಗ ಬರದಿದ್ದರೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಒಮ್ಮೆ ಮೂರನೇ ಗೇರ್, ಒಮ್ಮೆ ನಾಲ್ಕನೇ ಗೇರ್ ಹಾಕಿ ನೋಡಿ. ಎರಡರಲ್ಲೂ ಅದೇ ವೇಗಕ್ಕೆ ಬಂದರೆ ಚಕ್ರ, ರಸ್ತೆ, ಗಾಳಿಗೆ ಸಂಬಂಧಪಟ್ಟದ್ದು. ಗೇರ್ ಬದಲಿಸಿದಾಗ ಸದ್ದಿನ ವೇಗವೂ ಬದಲಾದರೆ ಇಂಜಿನ್ನಿಗೆ ಸಂಬಂಧಪಟ್ಟದ್ದು. ಹಂಪ್ ಹಾರಿದಾಗ ಮಾತ್ರ ಬಂದರೆ ಸೀಟು, ಬಾಗಿಲ ಲಾಕ್, ಡಿಕ್ಕಿ. ಬೆಳಿಗ್ಗೆ ಚಳಿಯಲ್ಲಿ ಮಾತ್ರ ಬಂದು ಬಿಸಿಲೇರಿದ ಮೇಲೆ ನಿಂತರೆ ಗಟ್ಟಿಯಾದ ರಬ್ಬರ್ ಮೇಲೆ ಅನುಮಾನ ಪಡಿ.

ಇನ್ನು ಜಾಗ ಹಿಡಿಯುವುದು. ಇದನ್ನು ಒಬ್ಬರೇ ಮಾಡಬೇಡಿ. ಓಡಿಸುತ್ತಾ ಬಗ್ಗಿ ಹುಡುಕುವುದು ಅಪಾಯ. ಸ್ನೇಹಿತರೊಬ್ಬರು ಓಡಿಸಲಿ, ನೀವು ಪಕ್ಕದಲ್ಲಿ ಕೂತು ಅಂಗೈಯಿಂದ ಒಂದೊಂದೇ ಭಾಗವನ್ನು ಒತ್ತುತ್ತಾ ಹೋಗಿ. ಒತ್ತಿದಾಗ ಸದ್ದು ನಿಂತರೆ ಜಾಗ ಸಿಕ್ಕಿತು. ಕಿವಿಯನ್ನು ಪೂರ್ತಿ ನಂಬಬೇಡಿ. ಮುಂದಿನ ಗಾಜಿಗೆ ಸದ್ದು ತಾಗಿ ತಿರುಗುತ್ತದೆ, ತಗಡು ಅದನ್ನು ಹೊತ್ತುಕೊಂಡು ಹೋಗುತ್ತದೆ. ಎಡ ಬಾಗಿಲಿನದು ಗ್ಲೋವ್ ಬಾಕ್ಸ್‌ನಿಂದ ಬಂದ ಹಾಗೆ ಕೇಳುತ್ತದೆ. ನಾನು ಎರಡು ವಾರ ಹಾದಿ ತಪ್ಪಿದ್ದು ಇದರಿಂದಲೇ.

ಕೈಗೆ ಸಿಗದಿದ್ದರೆ ಒಂದು ಮೀಟರ್ ರಬ್ಬರ್ ಪೈಪ್ ತೆಗೆದುಕೊಳ್ಳಿ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಸಂದಿಗಳ ಹತ್ತಿರ ಆಡಿಸಿ. ಸದ್ದಿನ ಮೇಲೆ ಬಂದ ತಕ್ಷಣ ಕಿವಿಯೊಳಗೆ ಬಡಿದ ಹಾಗಾಗುತ್ತದೆ. ಫೋನಿನಲ್ಲಿ ರೆಕಾರ್ಡ್ ಹಾಕಿ, ಬಟ್ಟೆ ಸುತ್ತಿ, ಒಂದು ಸಲ ಗ್ಲೋವ್ ಬಾಕ್ಸ್‌ನಲ್ಲಿ, ಇನ್ನೊಂದು ಸಲ ಹಿಂದಿನ ಹಲಗೆ ಮೇಲೆ ಇಟ್ಟು ಹೋಲಿಸಿಯೂ ನೋಡಬಹುದು. ಕೊನೆಯ ಉಪಾಯ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್. ಅನುಮಾನದ ಒಂದೇ ಸಂದಿಗೆ ಹಚ್ಚಿ, ಅದೇ ರಸ್ತೆ, ಅದೇ ವೇಗದಲ್ಲಿ ಹೋಗಿ ಬನ್ನಿ. ಒಂದು ಸಲಕ್ಕೆ ಒಂದೇ ಜಾಗ. ನಾಲ್ಕು ಕಡೆ ಒಟ್ಟಿಗೆ ಹಚ್ಚಿದರೆ ಸದ್ದು ನಿಂತರೂ ಯಾವುದರಿಂದ ನಿಂತಿತು ಅಂತ ತಿಳಿಯುವುದಿಲ್ಲ, ಅಲ್ವಾ?

ಬೇಕಾದ ಸಾಮಾನು ಹೆಚ್ಚೇನಿಲ್ಲ. ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಅಂಟಿರುವ ಫೆಲ್ಟ್ ಪಟ್ಟಿ, ಹಳೆ ಸೈಕಲ್ ಟ್ಯೂಬ್, ಬಟ್ಟೆ ಟೇಪ್, ರಬ್ಬರ್ ವಾಶರ್, ಸ್ಪ್ರಿಂಗ್ ವಾಶರ್, ಸಿಲಿಕೋನ್ ಸ್ಪ್ರೇ, ಸ್ವಲ್ಪ ಗ್ರೀಸ್, ದಾರ ಕಟ್ಟಿದ ಒಂದು ಅಯಸ್ಕಾಂತ. ಬೆಂಗಳೂರಿನವರಾದರೆ ಬೀಡಿಂಗ್, ಗ್ಲಾಸ್ ಚಾನೆಲ್ (ಗಾಜು ಏರಿಳಿಯುವ ಹಾದಿಯ ಪಟ್ಟಿ), ಡೋರ್ ಪ್ಯಾಡ್ (ಬಾಗಿಲ ಒಳಮೈಯ ಹಲಗೆ) ಕ್ಲಿಪ್ಪಿಗೆ ಜೆ.ಸಿ. ರೋಡಿನಲ್ಲಿ ಒಂದು ಸುತ್ತು ಹಾಕಿ. ಹೋಗುವಾಗ ಹಳೆ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಯಲ್ಲಿ ಹೇಳಿದರೆ ಅಳತೆ ತಪ್ಪುತ್ತದೆ.

ಬಾಗಿಲು

ಹಳೆ ಗಾಡಿಯಲ್ಲಿ ಸದ್ದಿನ ತವರು ಅಂದರೆ ಬಾಗಿಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಬಿಚ್ಚದೆ ಮಾಡುವ ಪರೀಕ್ಷೆಗಳು ಮೊದಲು. ಬಾಗಿಲು ಹಾಕಿ ಒಳಗಿನಿಂದ ತಳ್ಳಿ, ಎಳೆಯಿರಿ. ಟಕ್ ಅಂತ ಆಡಿದರೆ ಲಾಕ್ ಕೂರುವ ಸ್ಟ್ರೈಕರ್ ಸಡಿಲ, ಇಲ್ಲವೇ ಬೀಡಿಂಗ್ ಸತ್ತಿದೆ. ಒಂದು ಕಾಗದದ ಪಟ್ಟಿಯನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರ್ ಒತ್ತುತ್ತಿಲ್ಲ. ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಲೊಟಕ್ ಅಂದರೆ ಕೀಲು ಸವೆದಿದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಸ್ಟ್ರೈಕರ್ ಹೊಂದಿಸುವುದಾದರೆ ಬಿಚ್ಚುವ ಮೊದಲು ಅದರ ಸುತ್ತ ಪೆನ್ಸಿಲ್ ಗೀಟು ಹಾಕಿ. ಒಂದು ನೂಲಿನಷ್ಟು ಒಳಕ್ಕೆ ಸರಿಸಿ ಬಿಗಿ ಮಾಡಿದರೆ ಸಾಕು. ತುಂಬಾ ಸರಿಸಿದರೆ ಬಾಗಿಲು ಬಡಿದು ಹಾಕಬೇಕಾಗುತ್ತದೆ.

ಗ್ಲಾಸ್ ಪೂರ್ತಿ ಏರಿಸಿದಾಗ ಸುಮ್ಮನಿದ್ದು, ಅರ್ಧ ಇಳಿಸಿದಾಗ ಸದ್ದು ಬಂದರೆ ಗ್ಲಾಸ್ ಚಾನೆಲ್‌ನ ಫೆಲ್ಟ್ ಸವೆದಿದೆ. ಹೊಸ ಚಾನೆಲ್ ಹಾಕುವುದೇ ಸರಿ. ಬೇರೇನು ತುರುಕಿದರೂ ಹೆಚ್ಚು ದಿನ ನಿಲ್ಲುವುದಿಲ್ಲ.

ಈಗ ಡೋರ್ ಪ್ಯಾಡ್ ಬಿಚ್ಚುವುದು. ಗ್ಲಾಸ್ ಪೂರ್ತಿ ಮೇಲೇರಿಸಿ ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಹ್ಯಾಂಡಲ್ ಯಾವ ಕಡೆ ಮುಖ ಮಾಡಿತ್ತು ಅಂತ ಆಮೇಲೆ ಬೇಕಾಗುತ್ತದೆ. ಗ್ಲಾಸ್ ಹ್ಯಾಂಡಲ್ ಕೆಲವದರಲ್ಲಿ ಸ್ಕ್ರೂ, ಕೆಲವದರಲ್ಲಿ ಪಿನ್, ಕೆಲವದರಲ್ಲಿ ಕ್ಲಿಪ್. ಹ್ಯಾಂಡಲಿನ ಹಿಂದಿನ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಯಾವುದು ಅಂತ ಕಾಣುತ್ತದೆ. ಪಿನ್ ಹಾರಿ ಕಳೆದುಹೋಗದಂತೆ ಕೆಳಗೆ ಬಟ್ಟೆ ಹಾಸಿ. ಎಲ್ಲ ಸ್ಕ್ರೂ ತೆಗೆದ ಮೇಲೆ ಪ್ಯಾಡನ್ನು ಕೆಳಗಿನ ಮೂಲೆಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಪೇಂಟ್ ಕಿತ್ತುಬರುತ್ತದೆ. ನಾನ್‌ಸ್ಟಿಕ್ ತವಾಗೆ ಬಳಸುವ ಮರದ ಮಗುಚುವ ಕೈ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕ್ಲಿಪ್ ಎಲ್ಲಿದೆಯೋ ಅದರ ಪಕ್ಕಕ್ಕೇ ಕೊಟ್ಟು ಒಂದೊಂದಾಗಿ ಬಿಡಿಸಿ. ನಡುವೆ ಹಿಡಿದು ಎಳೆದರೆ ಪ್ಯಾಡ್ ಒಳಗಿನ ಹಾರ್ಡ್‌ಬೋರ್ಡ್ ಹರಿಯುತ್ತದೆ, ಕ್ಲಿಪ್ ಬಾಗಿಲಲ್ಲೇ ಉಳಿಯುತ್ತದೆ.

ಒಳಗೆ ಬೆಳಕು ಬಿಟ್ಟು ಒಂದು ನಿಮಿಷ ಸುಮ್ನೆ ನೋಡಿ. ತಳದಲ್ಲಿ ಅಯಸ್ಕಾಂತ ಆಡಿಸಿ. ಹಳೆ ಸ್ಕ್ರೂ, ತುಂಡಾದ ಕ್ಲಿಪ್, ವಾಶರ್ ಸಿಗುತ್ತವೆ. ನಮ್ಮದರಲ್ಲಿ ಮೂರು ಸ್ಕ್ರೂ ಸಿಕ್ಕವು, ಒಂದೊಂದೂ ಬೇರೆ ಅಳತೆಯದು. ತಳದ ನೀರು ಹೋಗುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ಲಾಕಿಗೆ ಹೋಗುವ ಸರಳುಗಳು ತಗಡಿಗೆ ತಾಗುವ ಕಡೆ ಪೇಂಟ್ ಸವೆದು ಲೋಹ ಹೊಳೆಯುತ್ತಿರುತ್ತದೆ. ಸದ್ದಿನ ಗುರುತು ಅದೇ. ಅಲ್ಲಿ ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಟ್ಟೆ ಟೇಪ್ ಹಾಕಿ. ಸರಳು ಸಲೀಸಾಗಿ ಆಡಬೇಕು, ಲಾಕ್ ಬಿಗಿಯಾಗಬಾರದು. ಗ್ಲಾಸ್ ಏರಿಸುವ ಮೆಷಿನ್ನಿನ ಸ್ಕ್ರೂಗಳನ್ನು ಬಿಗಿ ಮಾಡಿ, ಉರುಳೆ ಓಡುವ ಜಾಗಕ್ಕೆ ಗ್ರೀಸ್ ಹಚ್ಚಿ.

ಕ್ವಾರ್ಟರ್ ಗ್ಲಾಸ್‌ಗೆ ಬರೋಣ. ಅಪ್ಪನ ರಟ್ಟು ಕೆಲಸ ಮಾಡಿತ್ತು, ಆದರೆ ಕಾರಣ ಇದ್ದದ್ದು ಕೆಳಗೆ. ಆ ಗಾಜಿನ ಫ್ರೇಮಿನ ಕೆಳಗಿನ ಕಡ್ಡಿ ಬಾಗಿಲ ಒಳಕ್ಕೆ ಇಳಿಯುತ್ತದೆ. ಅಲ್ಲಿ ಒಂದು ಸ್ಪ್ರಿಂಗ್, ಅದರ ಕೆಳಗೆ ನಟ್. ಗಾಜು ಗಾಳಿಗೆ ತಾನಾಗಿ ತಿರುಗದಂತೆ ತಡೆಯುವುದು ಆ ಸ್ಪ್ರಿಂಗಿನ ಒತ್ತಡ. ನಮ್ಮದರಲ್ಲಿ ನಟ್ ಎರಡು ಸುತ್ತು ಸಡಿಲವಾಗಿತ್ತು. ಕಾಲು ಸುತ್ತು ಬಿಗಿ ಮಾಡುವುದು, ಗಾಜು ತಿರುಗಿಸಿ ನೋಡುವುದು, ಮತ್ತೆ ಕಾಲು ಸುತ್ತು. ಬೆರಳಿನಿಂದ ತಳ್ಳಿದರೆ ತಿರುಗಬೇಕು, ಬಿಟ್ಟಲ್ಲಿ ನಿಲ್ಲಬೇಕು. ಅಲ್ಲಿಗೆ ನಿಲ್ಲಿಸಿ. ಜಾಸ್ತಿ ಬಿಗಿ ಮಾಡಿದರೆ ಫ್ರೇಮ್ ತಿರುಚಿ ಗಾಜು ಬಿರುಕು ಬಿಡಬಹುದು. ಸುತ್ತಲಿನ ರಬ್ಬರಿಗೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿ. ಗಾಜಿಗೆ, ಪೇಂಟಿಗೆ ನೇರ ಹೊಡೆಯಬೇಡಿ.

ಪ್ಯಾಡ್ ಮುಚ್ಚುವ ಮೊದಲು ಪಾಲಿಥಿನ್ ಹಾಳೆ ಇದೆಯಾ ನೋಡಿ. ಅದಿಲ್ಲದಿದ್ದರೆ ಮಳೆನೀರು ಹಾರ್ಡ್‌ಬೋರ್ಡಿಗೆ ತಾಗಿ ಉಬ್ಬುತ್ತದೆ, ಕ್ಲಿಪ್ಪಿನ ತೂತು ದೊಡ್ಡದಾಗುತ್ತದೆ, ಸದ್ದು ಅಲ್ಲಿಂದಲೇ ಶುರು. ಮಲೆನಾಡು, ಕರಾವಳಿ ಕಡೆಯವರು ಇದನ್ನು ಖಂಡಿತ ಬಿಡಬೇಡಿ. ದಪ್ಪ ಪಾಲಿಥಿನ್ ಕತ್ತರಿಸಿ ಅಂಟಿಸಿ, ಕೆಳಗಿನ ಅಂಚು ಬಾಗಿಲ ಒಳಕ್ಕೆ ಇಳಿಯುವಂತೆ ಬಿಡಿ. ದೊಡ್ಡದಾದ ತೂತಿಗೆ ಹಿಂದಿನಿಂದ ಸಣ್ಣ ಹಾರ್ಡ್‌ಬೋರ್ಡ್ ಚೂರು ಅಂಟಿಸಿ ಹೊಸ ತೂತು ಮಾಡಿ. ಪ್ಯಾಡಿನ ಹಿಂದೆ ಅಂಚಿನುದ್ದಕ್ಕೂ ತೆಳು ಫೆಲ್ಟ್ ಪಟ್ಟಿ. ಮುಚ್ಚುವ ಮುಂಚೆ ಗ್ಲಾಸ್ ಮೂರು ಸಲ ಏರಿಸಿ ಇಳಿಸಿ, ಲಾಕ್ ಹಾಕಿ ತೆಗೆದು ನೋಡಿ.

ಡ್ಯಾಶ್‌ಬೋರ್ಡ್

ಇಲ್ಲಿ ಕೈ ಹಾಕುವ ಮೊದಲು ಬ್ಯಾಟರಿಯಿಂದ ಗಾಡಿಯ ತಗಡಿಗೆ ಹೋಗುವ ಅರ್ತ್ ಕೇಬಲ್ ಬಿಚ್ಚಿ. 40 ವರ್ಷದ ವೈರಿನ ಹೊದಿಕೆ ಮುಟ್ಟಿದರೆ ಬಿರುಕು ಬಿಡುತ್ತದೆ. ಸ್ಪ್ಯಾನರ್ ತಾಗಿ ಶಾರ್ಟ್ ಆದರೆ ಬೆಂಕಿ. ಇದರಲ್ಲಿ ರಾಜಿ ಬೇಡ.

ಆಶ್‌ಟ್ರೇ ಹೊರಗೆ ತೆಗೆದು ಒಂದು ಸುತ್ತು ಹೋಗಿ ಬನ್ನಿ. ಜಿರ್ರ್ ಸದ್ದಿಗೆ ಅದೇ ಕಾರಣ ಆಗಿರುವುದು ಹೆಚ್ಚು. ಅದರ ಪಕ್ಕಕ್ಕೆ ಫೆಲ್ಟ್ ಅಂಟಿಸಿದರೆ ಮುಗಿಯಿತು. ಗ್ಲೋವ್ ಬಾಕ್ಸ್ ಮುಚ್ಚಳ ಆಡುತ್ತಿದ್ದರೆ ಒಳ ಅಂಚಿಗೆ ಎರಡು ರಬ್ಬರ್ ಗುಂಡಿ. ಮೀಟರಿನ ಹಿಂದೆ ವೈರಿನ ಕಟ್ಟು ತಗಡಿಗೆ ಬಡಿಯುತ್ತಿದ್ದರೆ ಬಟ್ಟೆ ಟೇಪ್ ಸುತ್ತಿ ಹತ್ತಿರದ ಬ್ರಾಕೆಟ್ಟಿಗೆ ಕಟ್ಟಿ. ಆ ಸದ್ದನ್ನು ಹಾಗೇ ಬಿಟ್ಟರೆ ಒಂದು ದಿನ ಹೊದಿಕೆ ಸವೆದು ವೈರ್ ಬರಿದಾಗುತ್ತದೆ.

ಟಿಕ್ ಟಿಕ್ ಅಂತ ಬಂದು, ವೇಗದ ಜೊತೆ ತಾಳ ಹೆಚ್ಚಿಸಿಕೊಂಡು, ಮೀಟರ್ ಮುಳ್ಳೂ ನಡುಗುತ್ತಿದ್ದರೆ ಅದು ಸ್ಪೀಡೋಮೀಟರ್ ಕೇಬಲ್. ಮೀಟರಿನ ಕಡೆ ಬಿಚ್ಚಿ ಸ್ವಲ್ಪ ದೂರ ಓಡಿಸಿ, ಸದ್ದು ನಿಂತರೆ ಕೇಬಲ್, ಇಲ್ಲವೇ ಮೀಟರಿನದು ಅಂತ ಖಾತ್ರಿ. ಒಳಗಿನ ಕೇಬಲ್ ಎಳೆದು ಒರೆಸಿ, ಗ್ರೀಸನ್ನು ತೆಳುವಾಗಿ ಸವರಿ. ಮೀಟರಿನ ಕಡೆಯ ಒಂದು ಗೇಣು ಒಣಗಿದ್ದೇ ಇರಲಿ. ಇಲ್ಲದಿದ್ದರೆ ಜಿಡ್ಡು ಕೇಬಲ್ ಹಿಡಿದು ಮೇಲೇರಿ ಮೀಟರ್ ಕೆಡಿಸುತ್ತದೆ. ಕೇಬಲ್ ಎಳೆ ಬಿಚ್ಚಿಕೊಂಡಿದ್ದರೆ ಹೊಸದೇ ಹಾಕಿ. ವಾಪಸ್ ಕೂರಿಸುವಾಗ ಎಲ್ಲೂ ಚೂಪಾಗಿ ಬಾಗದಿರಲಿ.

ಗೇರ್ ಲಿವರಿನ ಲೊಡಲೊಡ ಪರೀಕ್ಷಿಸುವುದು ಸುಲಭ. ಸದ್ದು ಬರುವಾಗ ಲಿವರ್ ಮೇಲೆ ಒಂದು ಬೆರಳಿಡಿ. ನಿಂತರೆ ಬುಶ್ ಹಾಕಿಸಬೇಕು. ಅದು ಬಾನೆಟ್ ಕೆಳಗಿನ ಕೆಲಸ, ಗೊತ್ತಿರುವವರ ಕೈಗೆ ಕೊಡಿ.

ಸೀಟು, ಡಿಕ್ಕಿ

ಯಾರೂ ಕೂರದಿದ್ದಾಗ ಸದ್ದು, ಕೂತರೆ ಸುಮ್ಮನೆ ಅಂದರೆ ಸೀಟಿನದೇ. ಹಳಿಯ ಬೋಲ್ಟ್ ಬಿಗಿ ಮಾಡಿ, ಸ್ಪ್ರಿಂಗ್ ಒಂದಕ್ಕೊಂದು ತಾಗುವ ಕಡೆ ಗೋಣಿಬಟ್ಟೆಯ ಚೂರು ಸುತ್ತಿ. ಜಾಕಿ, ಸ್ಪ್ಯಾನರ್‌ಗಳನ್ನು ಹಳೆ ಜೀನ್ಸ್ ಪ್ಯಾಂಟಿನ ಕಾಲೊಳಗೆ ಸುತ್ತಿ ಕಟ್ಟಿಡಿ. ಸ್ಟೆಪ್ನಿಯ ಕ್ಲ್ಯಾಂಪ್ ಬಿಗಿ ಇರಲಿ.

ಮಾಡಬಾರದ್ದು ಕೆಲವು ಇವೆ. ಬಾಗಿಲ ತಳಕ್ಕೆ ಸ್ಪಂಜು ತುಂಬಬೇಡಿ. ನೀರು ಹಿಡಿದಿಟ್ಟು ಒಂದೆರಡು ಮಳೆಗಾಲದಲ್ಲಿ ತಗಡು ತುಕ್ಕು ಹಿಡಿಯುತ್ತದೆ. ರಬ್ಬರಿಗೆ ಇಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ಉಬ್ಬಿ ಹಾಳಾಗುತ್ತದೆ. ಸಡಿಲವಾದ ಭಾಗಗಳನ್ನು ಎಂ-ಸೀಲ್ ಹಾಕಿ ಕೂರಿಸಬೇಡಿ, ಮುಂದೆ ಬಿಚ್ಚಬೇಕಾದವರಿಗೆ ಮುರಿಯದೆ ಬೇರೆ ದಾರಿ ಇರುವುದಿಲ್ಲ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ತಗಡಿನಲ್ಲಿ ಸುಮ್ಮನೆ ತಿರುಗುತ್ತಿದ್ದರೆ ದಪ್ಪ ಸ್ಕ್ರೂ ಹೊಡೆಯಬೇಡಿ. ತಗಡಿಗೆ ಸಿಕ್ಕಿಸುವ ಸ್ಪ್ರಿಂಗ್ ನಟ್ ಸಿಗುತ್ತದೆ, ಅದನ್ನು ಹಾಕಿದರೆ ಮೊದಲಿನ ಸ್ಕ್ರೂನೇ ಹಿಡಿಯುತ್ತದೆ.

ಎಲ್ಲ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಹೋಗಿ ಬನ್ನಿ. ದೊಡ್ಡ ಸದ್ದು ನಿಂತಾಗ ಅದರ ಹಿಂದೆ ಅಡಗಿದ್ದ ಸಣ್ಣದು ಕೇಳಿಸುತ್ತದೆ, ಗಾಬರಿ ಬೇಡ. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಭಾನುವಾರಕ್ಕೆ ಇರಲಿ. ಒಂದು ವಾರ ಓಡಿಸಿದ ಮೇಲೆ ಬಿಗಿ ಮಾಡಿದ ನಟ್ಟುಗಳನ್ನು ಮತ್ತೊಮ್ಮೆ ನೋಡಿ. ಎಲ್ಲಿ ಏನು ಸಿಕ್ಕಿಸಿದ್ದೀರಿ, ಯಾಕೆ ಸಿಕ್ಕಿಸಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸ್‌ನಲ್ಲಿ ಆರ್.ಸಿ. ಜೊತೆ ಇಡಿ. ನಮ್ಮ ಚೀಟಿಯ ಮೊದಲ ಸಾಲು ಅಪ್ಪನ ಅಕ್ಷರದಲ್ಲಿದೆ: "ಎಡಗಡೆ ಕ್ವಾರ್ಟರ್ ಗ್ಲಾಸ್, ರಟ್ಟು ತೆಗೆದಿದೆ, ನಟ್ ಬಿಗಿ ಮಾಡಿದೆ."